ಮೂರು ಗುರುತಿನ ಮುಚ್ಚಳ

ಬೆಳಿಗ್ಗೆ ಒಂಬತ್ತಕ್ಕೆ ಆ ಚೀರಾಟ ಕೇಳಿತು. ಪಕ್ಕದ ಯಂತ್ರದಲ್ಲಿದ್ದ ಶ್ವೇತ ಓಡಿಬಂದು ಕೆಂಪು ಗುಂಡಿ ಒತ್ತಿದಳು. ತಡವಾಗಿತ್ತು. ಬಕೆಟ್ಟಿನ ಮುಚ್ಚಳ ಎರೆಯುವ ಅಚ್ಚು ಅಂಕಮ್ಮನ ಬಲಗೈ ಮೇಲೆ ಮುಚ್ಚಿಕೊಂಡಿತ್ತು. ನಾಲ್ಕು ಬೆರಳು ಹೋದವು.

ಮದ್ದೂರು ಠಾಣೆಯ ಎಸ್‌ಐ ದೀಪಿಕ ಗೆಜ್ಜಲಗೆರೆಯ ಆ ಕಾರ್ಖಾನೆಗೆ ಬಂದಾಗ ಹನ್ನೆರಡು ಗಂಟೆ. ಅಂಕಮ್ಮ ಮಂಡ್ಯದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು. ಯಂತ್ರದ ಬಾಗಿಲು ತೆರೆದಿದ್ದರೆ ಅಚ್ಚು ಮುಚ್ಚಬಾರದು. ಅದನ್ನು ಕಾಯುವ ಸ್ವಿಚ್ಚನ್ನು, ಬಾಗಿಲು ತೆರೆದರೂ ಯಂತ್ರ ನಿಲ್ಲದಂತೆ, ಯಾರೋ ಹಳದಿ ವೈರಿನಿಂದ ಬಿಗಿದಿದ್ದರು.

“ಅವಳೇ ಕಟ್ಟಿಕೊಂಡಿದಾಳೆ ಮೇಡಂ,” ಎಂದ ಸೂಪರ್‌ವೈಸರ್ ರಘುನಂದನ್. “ಮುಚ್ಚಳ ತಾನಾಗೇ ಬೀಳುತ್ತೆ. ಕೈ ಹಾಕೋ ಅಗತ್ಯವೇ ಇಲ್ಲ.”

ಯಂತ್ರ ಓಡಿಸಿ ತೋರಿಸಿದ. ಅಚ್ಚು ತೆರೆಯಿತು. ನಾಲ್ಕು ಪಿನ್ನುಗಳು ಮುಂದೆ ಬಂದು ಮುಚ್ಚಳವನ್ನು ದಬ್ಬಿದವು. ಅದು ಪಟ್ಟನೆ ಬಿತ್ತು.

“ಬೆಳಗಿನ ಮುಚ್ಚಳಗಳೆಲ್ಲಿ?”

“ರಕ್ತ ಆಗಿತ್ತು. ಗ್ರೈಂಡರಿಗೆ ಹಾಕಿಸಿದೆ.”

* * *

ವೈರು ಮೆಕ್ಯಾನಿಕ್ ನಿಜಾಮುದ್ದೀನನದು. ವೈರು ಸಿಕ್ಕ ಕೂಡಲೇ ಕಳ್ಳ ಸಿಕ್ಕ ಎನ್ನುವವರಿಗೆ ನಮ್ಮಲ್ಲಿ ಬರವೇ? ಪೇದೆ ಆಗಲೇ ಅವನ ತೋಳು ಹಿಡಿದಿದ್ದ.

“ವೈರು ನಂದೇ ಮೇಡಂ. ಡಬ್ಬ ಯಾವಾಗ್ಲೂ ತೆಗ್ದೇ ಇರ್ತದೆ. ನಾನ್ ಕಟ್ಟಿಲ್ಲ.”

“ಬಿಡ್ರೀ ಅವನನ್ನ,” ಎಂದಳು ದೀಪಿಕ. ಅವಳ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. ಮುಚ್ಚಳ ತಾನಾಗಿ ಬೀಳುವುದಾದರೆ ಬಾಗಿಲು ತೆರೆದಿಟ್ಟು ಅಂಕಮ್ಮನಿಗೆ ಆಗಬೇಕಾದ್ದೇನು?

ಶ್ವೇತಳನ್ನು ಕೇಳಿದಳು.

“ನಂಗೇನೂ ಗೊತ್ತಿಲ್ಲ. ನಾಳಿಂದ ಆ ಮಿಷನ್‌ಗೆ ನಾನೇ ಅಂತೆ.”

ಹಾಗೆನ್ನುವಾಗ ಅವಳ ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ಪಟ್ಟಲಮ್ಮನ ಪಟ. ಕೆಳಗಿನ ಹಲಗೆಯ ಮೇಲೆ ಸಾಲಾಗಿ ಮುಚ್ಚಳಗಳು, ಪ್ರತಿಯೊಂದಕ್ಕೂ ಕುಂಕುಮ, ತಾರೀಖು.

“ಅದೇನು?”

“ದಿನದ ಮೊದಲ್ನೇ ಪೀಸು ಅಮ್ಮಂಗೆ. ಸಾರೇ ಡೇಟ್ ಬರ್ದು ಇಡ್ತಾರೆ. ಅಮಾಸೆವರ್ಗೂ ಯಾರೂ ಮುಟ್ಟಂಗಿಲ್ಲ.”

* * *

ದೀಪಿಕ ಬೂಟು ಬಿಚ್ಚಿ ಕೈಮುಗಿದು ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿದಳು. ಸೋಮವಾರದ್ದರ ಹಿಂದೆ ಪಿನ್ನು ಒತ್ತಿದ ನಾಲ್ಕು ದುಂಡು ಗುರುತು. ಮಂಗಳವಾರ ಮೂರು. ಬುಧವಾರ ಮೂರು. ಇವತ್ತೂ ಮೂರೇ. ಅವಳು ರಘುನಂದನ್ ಕಡೆ ತಿರುಗಿದಳು.

“ಮಂಗಳವಾರವೇ ಒಂದು ಪಿನ್ನು ಮುರಿದಿದೆ,” ಎಂದಳು. “ಮುಚ್ಚಳ ಅಚ್ಚಿಗೆ ಅಂಟಿಕೊಳ್ತಿತ್ತು, ಕೈಯಲ್ಲೇ ಕೀಳಬೇಕಿತ್ತು. ಪ್ರತಿ ಸಲ ಬಾಗಿಲು ತೆಗೆದು ಮುಚ್ಚಿದ್ರೆ ಅರ್ಧ ಮಾಲೂ ಆಗ್ತಿರಲಿಲ್ಲ. ಆದ್ರೆ ಗೋಡೆಯ ಲೆಕ್ಕದ ಬೋರ್ಡಲ್ಲಿ ಮಂಗಳವಾರ, ಬುಧವಾರ ಎರಡು ದಿನವೂ ಎಂದಿನ ಸಾವಿರದಿನ್ನೂರು, ನಿಮ್ಮದೇ ಅಕ್ಷರ. ಸ್ವಿಚ್ ಕಟ್ಟಿಯೇ ಓಡಿಸಿದೀರಿ. ಇವತ್ತು ಆಂಬುಲೆನ್ಸ್ ಹೋದಮೇಲೆ ಹೊಸ ಪಿನ್ನು ಹಾಕಿದೀರಿ.”

ಶ್ವೇತ ಆಗ ಬಾಯಿಬಿಟ್ಟಳು. “ಅವ್ರೇ ಕಟ್ಟಿದ್ದು ಮೇಡಂ. ಅಂಕಮ್ಮಕ್ಕ ಭಯ ಆಯ್ತದೆ ಅಂದ್ಲು. ಅಂಗಾದ್ರೆ ನಾಳಿಂದ ಬರ್ಬ್ಯಾಡ ಅಂದ್ರು.”

“ಎಲ್ಲಾ ಗ್ರೈಂಡರಿಗೆ ಹಾಕಿದವರು ಇವನ್ನ್ಯಾಕೆ ಬಿಟ್ರಿ?” ಕೇಳಿದಳು ದೀಪಿಕ.

ರಘುನಂದನ್ ನೆಲ ನೋಡಿದ. “ಅಮ್ಮನ ಮುಂದೆ ಇಟ್ಟಿದ್ದು. ಮುಟ್ಟೋಕೆ ಭಯ ಆಯ್ತು.”

ಅಂಕಮ್ಮನನ್ನು ಆ ಬಾಗಿಲ ಮುಂದೆ ನಿಲ್ಲಿಸುವಾಗ ಮಾತ್ರ ಮಹಾನುಭಾವನಿಗೆ ಭಯವಾಗಿರಲಿಲ್ಲ.

ಪೇದೆ ಮುಚ್ಚಳಗಳನ್ನು ಚೀಲಕ್ಕೆ ಹಾಕಲು ಹೋದ. ಶ್ವೇತ ಅವನ ಕೈ ತಡೆದಳು.

“ಇವತ್ತಿಂದು ಉಸಾರಾಗಿ ಇಟ್ಕಳಿ. ಕುಂಕುಮ ಅಂಕಮ್ಮಕ್ಕ ಇಟ್ಟಿದ್ದು.”

ದೀಪಿಕ ಬಗ್ಗಿ ನೋಡಿದಳು. ಕುಂಕುಮದಲ್ಲಿ ಉಂಗುರದ ಬೆರಳಿನ ಗೆರೆಗಳು ಒಂದೂ ಅಳಿಸದೆ ಮೂಡಿದ್ದವು.