ಪೋಸ್ಟರಿನ ಗಂಡ

ಕೆಸರು ಮೆತ್ತಿದ ಬೂಟುಗಳಲ್ಲೇ ಕುಂದುಜ್ ಎರಡನೇ ಮಹಡಿಯ ಆ ಕಚೇರಿಗೆ ನುಗ್ಗಿದಳು. ಬಗಲಲ್ಲಿ ಸುರುಳಿ ಸುತ್ತಿದ ಒಂದು ಪೋಸ್ಟರ್. ಬೆಳಿಗ್ಗೆ ಕೊಚ್ಕೋರ್ ಬಸ್ ನಿಲ್ದಾಣದ ಗೋಡೆಯಿಂದ ಅವಳೇ ಕಿತ್ತು ತಂದದ್ದು. ಅದರ ಒಂದು ಮೂಲೆ ಇನ್ನೂ ಆ ಗೋಡೆಯ ಮೇಲೇ ಇತ್ತು.

ಬಿಷ್ಕೆಕ್‌ನ ‘ಕೊನೊಕ್’ ರಾಷ್ಟ್ರೀಯ ಪ್ರವಾಸ ಮಂಡಳಿಯ ಜಾಹೀರಾತು ವಿಭಾಗದಲ್ಲಿ ಅವತ್ತು ಹನ್ನೊಂದು ಜನ ಕೂತಿದ್ದರು. ಕುಂದುಜ್ ಯಾರ ಮುಖವನ್ನೂ ನೋಡಲಿಲ್ಲ. ಮೊದಲು ಸಿಕ್ಕ ಮೇಜಿನ ಮೇಲೆ, ಯಾರದೋ ಚಹಾ ಬಟ್ಟಲನ್ನು ಪಕ್ಕಕ್ಕೆ ತಳ್ಳಿ, ಪೋಸ್ಟರ್ ಹರಡಿದಳು.

"ಇದನ್ನ ಮಾಡಿದ್ದು ಯಾರು? ಅವರನ್ನ ಕರೀರಿ."

ಮೇಜಿನ ಹಿಂದಿದ್ದವನು ನಿಧಾನಕ್ಕೆ ತಲೆ ಎತ್ತಿದ.

ಕುಂದುಜ್ ಅವನನ್ನು ನೋಡಿದಳು, ಪೋಸ್ಟರ್ ನೋಡಿದಳು, ಮತ್ತೆ ಅವನನ್ನು ನೋಡಿದಳು. ಅದೇ ಉದ್ದ ಮೂಗು... ಅದೇ ಅಗಲ ಕಿವಿಗಳು...

"ನೀವು... ನನ್ನ ಗಂಡ ಅಲ್ವಾ?" ಎಂದುಬಿಟ್ಟಳು.

ಹತ್ತು ಜನರ ಕೈಗಳು ಕೆಲಸ ನಿಲ್ಲಿಸಿದವು.

"ಹೌದು," ಎಂದ ಅವನು, ಮುಖ ಕೆಂಪಾಗಿಸಿಕೊಂಡು. "ಅಂದ್ರೆ... ಅಲ್ಲ. ಫೋಟೋದಲ್ಲಿ ಮಾತ್ರ. ಕೂತ್ಕೊಳ್ಳಿ, ದಯವಿಟ್ಟು."

ಆದದ್ದು ಇಷ್ಟು. ಹಿಂದಿನ ಆಗಸ್ಟ್‌ನಲ್ಲಿ ಮಂಡಳಿಯ ತಂಡವೊಂದು ಸೋನ್-ಕುಲ್ ಸರೋವರದ ಹುಲ್ಲುಗಾವಲಿಗೆ ಫೋಟೋ ತೆಗೆಯಲು ಬಂದಿತ್ತು. ಕುಂದುಜ್ ಮತ್ತು ಅವಳ ತಾಯಿ ಊಲ್ಕಾನ್ ಪ್ರತಿ ಬೇಸಿಗೆ ಅಲ್ಲಿ ನಾಲ್ಕು ಕಂಬಳಿ ಗುಡಾರ ಹಾಕಿ ಅತಿಥಿಗಳನ್ನು ಇಟ್ಟುಕೊಳ್ಳುತ್ತಾರೆ. ಆ ದಿನ ಅಕ್ಕನ ನಾಲ್ಕು ತಿಂಗಳ ಕೂಸು ಕುಂದುಜ್‌ಳ ತೋಳಲ್ಲಿತ್ತು. ಒಲೆಯ ಮೇಲೆ ಹಾಲು ಉಕ್ಕಿತು. ಹತ್ತಿರ ನಿಂತಿದ್ದ ಯಾರದೋ ಕೈಗೆ ಕೂಸು ಕೊಟ್ಟು ಓಡಿದಳು. ಆ ಯಾರೋ ಎಂದರೆ ಇದೇ ಎರ್ಮೆಕ್, ಜಾಹೀರಾತಿಗೆ ವಾಕ್ಯ ಬರೆಯುವವನು. ಬಿಸಿಲು ತಾಳದೆ, ಗುಡಾರದ ಬಾಗಿಲಲ್ಲಿ ನೇತಾಡುತ್ತಿದ್ದ ಬಿಳಿ ಕಲ್ಪಾಕ್ ಟೋಪಿಯನ್ನು ತಲೆಗೆ ಹಾಕಿಕೊಂಡಿದ್ದ. ಪಾತ್ರೆ ಇಳಿಸಿ ಬಂದ ಕುಂದುಜ್ ಕೂಸಿನ ಕಡೆ ನೋಡಿ ನಕ್ಕಳು. ಕ್ಯಾಮೆರಾದವನು ಅದೇ ಗಳಿಗೆಗೆ ಗುಂಡಿ ಒತ್ತಿದ.

ಎರಡು ಸಾವಿರ ಫೋಟೋಗಳಲ್ಲಿ ನಿರ್ದೇಶಕ ಜುಮಾಬೆಕ್ ಆರಿಸಿದ್ದು ಅದನ್ನೇ. ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿಸಿದ್ದರು: ‘ಬನ್ನಿ, ನಮ್ಮ ಸಂಸಾರದ ಅತಿಥಿಯಾಗಿ.’

ಈಗ ಆ ಸಂಸಾರ ವಿಮಾನ ನಿಲ್ದಾಣದಲ್ಲಿತ್ತು, ಬಸ್ ನಿಲ್ದಾಣಗಳಲ್ಲಿತ್ತು, ದೇಶದ ಪೆಟ್ರೋಲ್ ಬಂಕುಗಳಲ್ಲೆಲ್ಲ ಇತ್ತು.

ಕುಂದುಜ್ ತನ್ನ ಕಷ್ಟ ಹೇಳಿಕೊಂಡಳು. ನರಿನ್‌ನಿಂದ ಅವಳನ್ನು ನೋಡಲು ಹೊರಟಿದ್ದ ಗಂಡಿನ ಕಡೆಯವರು ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಂತಿದ್ದಾರೆ. ಎದುರಿಗೇ ಪೋಸ್ಟರ್. ಹುಡುಗಿ, ಅವಳ ಗಂಡ, ಅವಳ ಮಗು. ಹುಡುಗಿ ಮನೆಗೆ ಕೊಡಲು ಡಿಕ್ಕಿಯಲ್ಲಿ ಹಾಕಿಕೊಂಡಿದ್ದ ಕುರಿಯ ಸಮೇತ ಅಲ್ಲಿಂದಲೇ ವಾಪಸು ಹೋಗಿದ್ದಾರೆ. ಆ ಗಂಡಿನ ಮೇಲೆ ಅವಳಿಗೇನೂ ಆಸೆ ಇರಲಿಲ್ಲ. ಆದರೆ ಬೇಡ ಅನ್ನುವ ಅವಕಾಶ ತನಗಿರಬೇಕಿತ್ತು, ಪೆಟ್ರೋಲ್ ಬಂಕಿಗಲ್ಲ.

ಎರ್ಮೆಕ್ ತಲೆ ತಗ್ಗಿಸಿ ಕೇಳಿದ. ಆಮೇಲೆ ತನ್ನ ಕಥೆ ಹೇಳಿದ. ತಂಗಿಯನ್ನು ಕಳಿಸಿಕೊಡಲು ವಿಮಾನ ನಿಲ್ದಾಣಕ್ಕೆ ಹೋಗಿದ್ದ ಅವನ ತಾಯಿ ಪೋಸ್ಟರ್ ನೋಡಿ ಸೂಟ್‌ಕೇಸಿನ ಮೇಲೆ ಕುಸಿದು ಕೂತು ಅತ್ತರಂತೆ. ಮಗ ಹೇಳದೆ ಮದುವೆಯಾದದ್ದಕ್ಕಲ್ಲ, ಮೊಮ್ಮಗುವನ್ನು ಮನೆಗೆ ಕರೆತರದೆ ಗೋಡೆಗೆ ಅಂಟಿಸಿದ್ದಕ್ಕೆ. ಅಕ್ಕಪಕ್ಕದ ಮನೆಯವರು ಆಗಲೇ ಮೂರು ತೊಟ್ಟಿಲು ತಂದುಕೊಟ್ಟಿದ್ದಾರೆ.

ಕುಂದುಜ್ ನಗಬಾರದು ಅಂದುಕೊಂಡಳು. ಆದರೂ ತುಟಿ ಮಾತು ಕೇಳಲಿಲ್ಲ.

ಪೋಸ್ಟರ್ ತೆಗೆಸಬೇಕಾದರೆ ಅರ್ಜಿ ಕೊಡಬೇಕು, ಅದು ಸಮಿತಿಯ ಮುಂದೆ ಹೋಗಬೇಕು, ಸಮಿತಿ ಸೇರುವುದು ತಿಂಗಳ ಮೊದಲ ಸೋಮವಾರ ಎಂದು ಅವನು ವಿವರಿಸಿದ. ಅರ್ಜಿಯನ್ನು ತಾನೇ ಬರೆದುಕೊಟ್ಟ. ‘ನನ್ನ ಗೌರವಕ್ಕೆ ಆಗಿರುವ ಧಕ್ಕೆ’ ಎಂಬ ಕಡೆ ಎರಡು ಸಲ ಗೆರೆ ಎಳೆದ. ಅವಳು ಸಹಿ ಹಾಕಿದಳು.

ಮೇ ತಿಂಗಳ ಮೊದಲ ಸೋಮವಾರ ಅವಳು ಬಂದಾಗ ಸಮಿತಿಯವರು ಸಾಕಷ್ಟು ಸೇರಲಿಲ್ಲ ಎಂದ ಎರ್ಮೆಕ್. ಅಷ್ಟು ದೂರದಿಂದ ಬಂದಿದ್ದೀರಿ ಎಂದು ಕಚೇರಿಯ ಹಿಂದಿನ ಹೋಟೆಲಿನಲ್ಲಿ ಮಾಂಸದ ಶಾವಿಗೆ ಲಗ್ಮನ್ ಊಟ ಕೊಡಿಸಿದ. ಜೂನ್‌ನಲ್ಲಿ ಅಧ್ಯಕ್ಷರಿಗೆ ಹಲ್ಲುನೋವು. ಮತ್ತೆ ಲಗ್ಮನ್. ಜುಲೈನಲ್ಲಿ ಸಮಿತಿಯ ಕೋಣೆಗೆ ಸುಣ್ಣ ಹೊಡೆಯುತ್ತಿದ್ದಾರೆ ಎಂದ. ಅವತ್ತು ಊಟ ಮುಗಿದ ಮೇಲೂ ಇಬ್ಬರೂ ಎರಡು ಗಂಟೆ ಏಳಲಿಲ್ಲ.

ಹುಲ್ಲುಗಾವಲಿನಿಂದ ಬಿಷ್ಕೆಕ್‌ಗೆ ಏಳು ಗಂಟೆಯ ದಾರಿ. ವ್ಯಾನಿನಲ್ಲಿ ಯಾರದೋ ಆಲೂಗಡ್ಡೆ ಮೂಟೆಯ ಮೇಲೆ ಕೂತು ಬರುವಾಗ ಕುಂದುಜ್ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು... ಅರ್ಜಿಗೆ ಹೋಗುವವಳಿಗೆ ಹೊಸ ರುಮಾಲು ಯಾಕೆ?

ಅತ್ತ ಹುಲ್ಲುಗಾವಲಿನಲ್ಲಿ ಬೇರೆಯೇ ಫಜೀತಿ. ಆ ಬೇಸಿಗೆ ಹಿಂದೆಂದೂ ಕಾಣದಷ್ಟು ಅತಿಥಿಗಳು ಬಂದರು. ಎಲ್ಲರ ಕೈಯಲ್ಲೂ ಅದೇ ಚಿತ್ರ, ಎಲ್ಲರದೂ ಅದೇ ಪ್ರಶ್ನೆ: ಗಂಡ ಎಲ್ಲಿ? ಊಲ್ಕಾನ್ ಒಂದು ಉತ್ತರ ಸಿದ್ಧ ಮಾಡಿಕೊಂಡಿದ್ದಳು: ತಪ್ಪಿಸಿಕೊಂಡ ಕುದುರೆ ಹುಡುಕಲು ಹೋಗಿದ್ದಾನೆ. ಜೂನ್ ಪೂರ್ತಿ ಹುಡುಕಿದ, ಜುಲೈ ಪೂರ್ತಿ ಹುಡುಕಿದ. ಜರ್ಮನಿಯ ಒಬ್ಬ ಮುದುಕಿ ಹೊರಡುವಾಗ ಕುಂದುಜ್‌ಳ ಕೈ ಹಿಡಿದು, ಇಷ್ಟು ದಿನ ಹೆಂಡತಿಯನ್ನು ಬಿಟ್ಟು ಕುದುರೆ ಹುಡುಕುವವನನ್ನು ನಂಬಬೇಡ ಎಂದು ಬುದ್ಧಿ ಹೇಳಿ ಹೋದಳು.

"ಸುಳ್ಳು ಯಾಕೆ ಹೇಳ್ತೀಯಮ್ಮ?" ಎಂದು ಕುಂದುಜ್ ಜಗಳಕ್ಕೆ ನಿಂತಳು.

"ಮಂಡಳಿಯವರು ಹೇಳಿದ್ದನ್ನೇ ನಾನೂ ಹೇಳ್ತಿದೀನಿ," ಎಂದಳು ಊಲ್ಕಾನ್, ಹಿಟ್ಟಿನ ಬೂರ್ಸೋಕ್ ಉಂಡೆ ಕರಿಯುತ್ತ. "ಅವರು ಗಂಡನ್ನ ಕೊಟ್ರು. ಅವನೆಲ್ಲಿ ಅಂತ ಹೇಳೋ ಕೆಲಸ ನಂಗೆ ಬಿಟ್ರು."

ಆಗಸ್ಟ್‌ನಲ್ಲಿ ಆ ಗಂಡ ಕುದುರೆ ಏರಿ ಬಂದೇಬಿಟ್ಟ. ಏರಿ ಎನ್ನುವುದಕ್ಕಿಂತ, ಕುದುರೆಯ ಕತ್ತು ತಬ್ಬಿಕೊಂಡು.

ವಿದೇಶಿ ಪ್ರವಾಸ ಕಂಪನಿಗಳ ಆರು ಜನ ಮಾರನೇ ದಿನ ಬರುತ್ತಿದ್ದರು. ಪೋಸ್ಟರಿನ ಸಂಸಾರವನ್ನು ಕಣ್ಣಾರೆ ನೋಡಲೇಬೇಕೆಂದು ಅವರ ಹಟ. ಹಾಗಾಗಿ ಒಂದು ದಿನದ ಮಟ್ಟಿಗೆ ಗಂಡನಾಗಿ ಬಾ ಎಂದು ನಿರ್ದೇಶಕರೇ ಎರ್ಮೆಕ್‌ನನ್ನು ಕಳಿಸಿದ್ದರು. ಆಗದು ಎಂದಳು ಕುಂದುಜ್. ಆಗಲಿ ಎಂದಳು ಊಲ್ಕಾನ್. ಗುಡಾರ ಊಲ್ಕಾನ್‌ಳದು.

ಮಾರನೇ ದಿನದ ನಾಟಕವನ್ನು ಆ ಕಣಿವೆಯ ಜನ ಈಗಲೂ ನೆನೆಸಿಕೊಂಡು ನಗುತ್ತಾರೆ. ಕೂಸಿಗೆ ಆಗ ವರ್ಷ ದಾಟಿ ಕಾಲು ಬಂದಿತ್ತು. ‘ಅಪ್ಪ’ ಎತ್ತಿಕೊಳ್ಳಲು ಬಂದಾಗಲೆಲ್ಲ ಕಿರುಚಿಕೊಂಡು ನಿಜವಾದ ಅಪ್ಪನ ಕಡೆ ಓಡುತ್ತಿತ್ತು. ಕುಂದುಜ್‌ಳ ಅಕ್ಕನ ಗಂಡನಾದ ಅವನನ್ನು ಕುದುರೆ ಕಾಯುವ ಆಳೆಂದು ಪರಿಚಯಿಸಿದ್ದರು. ಆಳನ್ನು ಕಂಡರೆ ಮಗುವಿಗೆ ಎಷ್ಟು ಪ್ರೀತಿ ಎಂದು ಅತಿಥಿಗಳು ಮೆಚ್ಚಿ ಬರೆದುಕೊಂಡರು. ಹೆಣ್ಣು ಕುದುರೆಯ ಹಾಲು ಕರೆದು ತೋರಿಸಿ ಎಂದಾಗ ಎರ್ಮೆಕ್ ಧೈರ್ಯವಾಗಿ ಕುಕ್ಕರುಗಾಲಲ್ಲಿ ಕೂತ. ಕುದುರೆ ಒಂದೇ ಒದೆಗೆ ಅವನನ್ನೂ ಬಕೆಟ್ಟನ್ನೂ ಬೇರೆ ಬೇರೆ ದಿಕ್ಕಿಗೆ ಕಳಿಸಿತು.

ಊಟದ ಹೊತ್ತಿಗೆ ಅತಿಥಿಗಳಲ್ಲಿ ಒಬ್ಬಾಕೆ ಕೇಳಿದಳು, ನೀವಿಬ್ಬರು ಮೊದಲು ಭೇಟಿಯಾಗಿದ್ದು ಹೇಗೆ ಅಂತ.

ಕುಂದುಜ್ ಗಾಬರಿಯಾದಳು. ಇದಕ್ಕೆ ಉತ್ತರ ತಯಾರಿರಲಿಲ್ಲ.

ಎರ್ಮೆಕ್ ಸೊಂಟ ಹಿಡಿದುಕೊಂಡೇ ಹೇಳತೊಡಗಿದ. ಅವನು ಕೆಲಸ ಮಾಡುತ್ತಿದ್ದ ಕಡೆಗೆ ಒಂದು ದಿನ ಅವಳು ಕೆಸರು ಕಾಲಲ್ಲೇ ಬಂದಳಂತೆ, ಎಲ್ಲರೆದುರು ಬೈದಳಂತೆ. "ಅವತ್ತಿನಿಂದ ಆ ಕೋಣೆಗೆ ಯಾರೇ ಬಂದರೂ ಮೊದಲು ಅವರ ಕಾಲು ನೋಡ್ತೀನಿ," ಎಂದ. "ಕೆಸರಿದೆಯಾ ಅಂತ. ಯಾರ ಕಾಲಲ್ಲೂ ಇರಲ್ಲ. ಆಮೇಲೆ ಇಡೀ ದಿನ ಬೇಜಾರು."

ಗುಡಾರದಲ್ಲಿ ಎಲ್ಲರೂ ನಕ್ಕರು. ಕುಂದುಜ್ ನಗಲಿಲ್ಲ. ಅವನು ಅವಳನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ನಾಟಕ ಆಡುವವನು ಎದುರಿಗಿದ್ದವರನ್ನು ನೋಡಬೇಕಲ್ಲ... ಇವನು ಯಾಕೆ ಹೀಗೆ?

ಅವಳ ಎದೆಯೊಳಗೆ ಏನೋ ಬೆಚ್ಚಗೆ ಹರಡಿತು. ಒಂದು ಗಂಟೆ ಹಾಗೇ ಇತ್ತು.

ಅತಿಥಿಗಳು ಸರೋವರದ ಕಡೆ ಹೋದಾಗ, ಅವರ ಜೊತೆ ಬಂದು, ಕುದುರೆ ಹಾಲಿನ ಹುಳಿ ಮದ್ಯ ಕುಮಿಸ್ ಸ್ವಲ್ಪ ಜಾಸ್ತಿಯೇ ಕುಡಿದಿದ್ದ ನಿರ್ದೇಶಕ ಜುಮಾಬೆಕ್ ಕುಂದುಜ್‌ಳ ಹತ್ತಿರ ಬಂದು ಎರ್ಮೆಕ್‌ನನ್ನು ಹೊಗಳತೊಡಗಿದರು. ಎಂಥ ಚುರುಕು ಹುಡುಗ! ಈ ಪೋಸ್ಟರಿನ ಮೇಲೆ ಯಾವುದೋ ಅರ್ಜಿ ಬಂದಿತ್ತಂತೆ, ಏಪ್ರಿಲ್‌ನಿಂದ ತನ್ನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದಾನೆ, ಸಮಿತಿಯವರ ಕಣ್ಣಿಗೂ ಬಿದ್ದಿಲ್ಲ, ನನಗೇ ಗೊತ್ತಾದದ್ದು ಮೊನ್ನೆ ಎಂದರು. ಅರ್ಜಿ ಯಾರದೆಂದು ಅವರಿಗೆ ನೆನಪಿರಲಿಲ್ಲ.

ಕುಂದುಜ್ ನಿಂತಲ್ಲೇ ತಣ್ಣಗಾದಳು. ಹಲ್ಲುನೋವೂ ಸುಳ್ಳು, ಸುಣ್ಣವೂ ಸುಳ್ಳು. ಹಾಗಾದರೆ ಆ ಊಟಗಳು? ಈಗ ಹೇಳಿದ ಕೆಸರಿನ ಕಥೆ? ಎಲ್ಲ ಜಾಹೀರಾತು...

ಗುಡಾರದ ಹಿಂದೆ ಎರ್ಮೆಕ್ ಸಿಕ್ಕಾಗ ಅವಳು ಕೂಗಾಡಲಿಲ್ಲ. "ನಾಲ್ಕು ಸಲ ಏಳೇಳು ಗಂಟೆ ದಾರಿ ಸವೆಸಿ ಬಂದೆ," ಎಂದಳು. "ಊರಲ್ಲಿ ಆಡಿಕೊಳ್ಳೋರ ಮಧ್ಯೆ ನಾನು ಹೇಗೆ ಓಡಾಡ್ತಿದ್ದೆ ಅಂತ ನಿಮಗೆ ಗೊತ್ತಿತ್ತು. ನಿಮ್ಮನ್ನ ನಂಬಿದ್ದೆ ನಾನು."

ತಪ್ಪು ತನ್ನದೆಂದು ಅವನಿಗೆ ಗೊತ್ತಿತ್ತು. ಅದೇ ಸಂಜೆ ಅತಿಥಿಗಳ ಜೀಪಿನಲ್ಲಿ ಇಳಿದುಹೋದ.

ಸೆಪ್ಟೆಂಬರಿನ ಮೊದಲ ಸೋಮವಾರ ಎರ್ಮೆಕ್ ಅರ್ಜಿಯನ್ನು ಸಮಿತಿಯ ಮುಂದಿಟ್ಟ. ಜೊತೆಗೆ ತನ್ನದೊಂದು ಪತ್ರವನ್ನೂ: ಈ ಸಂಸಾರ ಸುಳ್ಳು, ಮಗು ಬೇರೆಯವರದು, ಗಂಡ ನಾನು, ನನಗೆ ಮದುವೆಯಾಗಿಲ್ಲ, ಅರ್ಜಿ ತಡೆಹಿಡಿದವನೂ ನಾನೇ. ಸಮಿತಿ ಹತ್ತು ನಿಮಿಷದಲ್ಲಿ ಪೋಸ್ಟರ್ ತೆಗೆಸಿತು. ಹನ್ನೊಂದನೇ ನಿಮಿಷದಲ್ಲಿ ಎರ್ಮೆಕ್‌ನನ್ನು ಜಾಹೀರಾತಿನಿಂದ ಎತ್ತಿ ಶೌಚಾಲಯ ತಪಾಸಣೆಗೆ ಹಾಕಿತು. ದೇಶದ ಅತಿಥಿ ಗುಡಾರಗಳಲ್ಲಿ ಶೌಚಾಲಯ ನೆಟ್ಟಗಿದೆಯೋ ಇಲ್ಲವೋ ನೋಡಿ ಬರೆಯುವ ಕೆಲಸ.

ಈ ಸುದ್ದಿಯೆಲ್ಲ ಕೊಚ್ಕೋರ್ ಶಾಖೆಯ ಗುಮಾಸ್ತೆಯಿಂದ ಕುಂದುಜ್‌ಳ ಕಿವಿಗೆ ಬಿತ್ತು. ಹಿಟ್ಟು ತರಲು ಇಳಿದಿದ್ದ ಅವಳು ಪೆಟ್ರೋಲ್ ಬಂಕಿನ ಮುಂದೆ ನಿಂತಳು. ಗೋಡೆ ಬೋಳಾಗಿತ್ತು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಮೂರು ದಿನದಲ್ಲಿ ನರಿನ್‌ನವರು ಮತ್ತೆ ಹೇಳಿಕಳಿಸಿದರು. ಈ ಸಲ ಬೇಡ ಅನ್ನುವ ಅವಕಾಶ ಅವಳಿಗೇ ಸಿಕ್ಕಿತು. ಬೇಡ ಎಂದಳು.

ಹುಲ್ಲು ಹಳದಿಯಾಗಿ, ಗುಡಾರ ಬಿಚ್ಚಲು ವಾರವಷ್ಟೇ ಉಳಿದಿದ್ದಾಗ ಎರ್ಮೆಕ್ ಬಂದ. ಕುದುರೆಯ ಮೇಲೆ ನೆಟ್ಟಗೆ ಕೂತಿದ್ದ. ಕೈಯಲ್ಲಿ ಅಳತೆ ಟೇಪು, ಕಂಕುಳಲ್ಲಿ ಕಾಗದದ ಕಟ್ಟು. ಯಾರನ್ನೂ ಮಾತಾಡಿಸದೆ ಶೌಚಾಲಯಕ್ಕೆ ಹೋಗಿ ಅಳೆದ, ಬಾಗಿಲು ಮೂರು ಸಲ ತೆಗೆದು ಹಾಕಿದ, ಬರೆದುಕೊಂಡ. ಕುಂದುಜ್ ಕೈಕಟ್ಟಿ ನೋಡುತ್ತ ನಿಂತಿದ್ದಳು.

"ಚಿಲಕ ಸಡಿಲ ಇದೆ," ಎಂದ ಅವನು ಕೊನೆಗೆ. "ಬಾಕಿ ಎಲ್ಲ ಸರಿ."

"ಮುಗೀತಾ?"

"ಮಂಡಳಿ ಕೆಲಸ ಮುಗೀತು." ಕಾಗದಗಳನ್ನು ಚೀಲಕ್ಕೆ ಹಾಕಿದ. "ಅರ್ಜಿ ಪಾಸಾಗಿದ್ರೆ ಮುಂದಿನ ತಿಂಗಳ ಸೋಮವಾರ ನೀವು ಬರ್ತಿರಲಿಲ್ಲ. ಅದಕ್ಕೇ ಡ್ರಾಯರಲ್ಲಿ ಇಟ್ಟೆ. ಮಂಡಳಿಗೋಸ್ಕರ ಅಲ್ಲ. ನಿಮಗೆ ಅದರಿಂದ ಎಷ್ಟು ಕಷ್ಟ ಅಂತ ಗೊತ್ತಿದ್ದೂ ಇಟ್ಟೆ. ಕ್ಷಮಿಸಿ ಅಂತ ಕೇಳೋಕೆ ಬಂದೆ. ಕ್ಷಮಿಸದಿದ್ರೂ... ಚಿಲಕ ಸರಿ ಮಾಡಿ ಹೋಗ್ತೀನಿ."

ಅವನು ಹೇಳಿದ್ದು ನಿಜವೆಂದು ಕುಂದುಜ್‌ಗೆ ಗೊತ್ತಾಗಿತ್ತು. ಈಗ ತನ್ನ ನಿಜ ಹೇಳದೆ ಇದ್ದರೆ ಅದು ನ್ಯಾಯವಲ್ಲ ಅನ್ನಿಸಿತು.

"ನಿಮ್ಮ ಮಂಡಳಿಗೆ ಕೊಚ್ಕೋರ್‌ನಲ್ಲೇ ಶಾಖೆ ಇದೆ," ಎಂದಳು. "ಅರ್ಜಿ ಏನಾಯ್ತು ಅಂತ ಅಲ್ಲೇ ಕೇಳಬಹುದು, ಬಿಷ್ಕೆಕ್‌ಗೆ ಹೋಗೋ ಅಗತ್ಯನೇ ಇಲ್ಲ ಅಂತ ಅಲ್ಲಿನ ಗುಮಾಸ್ತೆ ನಂಗೆ ಹೇಳಿದ್ಲು."

"ಯಾವಾಗ?"

"ಮೇ ತಿಂಗಳಲ್ಲಿ."

ಎರ್ಮೆಕ್ ಲೆಕ್ಕ ಹಾಕಿದ. ಜೂನ್... ಜುಲೈ... ಅವನ ಅಗಲ ಕಿವಿಗಳು ಕೆಂಪಾದವು.

"ಹಂಗಾದ್ರೆ ಯಾಕೆ ಬಂದ್ರಿ?"

"ಆಲೂಗಡ್ಡೆ ಮೂಟೆ ಮೇಲೆ ಕೂರೋದು ನಂಗಿಷ್ಟ," ಎಂದಳು ಅವಳು. ಅವಳ ಕಣ್ಣು ತುಂಬಿ ಬಂದಿತ್ತು, ಜೊತೆಗೆ ನಗುವೂ.

ಒಳಗಿನಿಂದ ಊಲ್ಕಾನ್ ಇಬ್ಬರನ್ನೂ ಚಹಾಕ್ಕೆ ಕರೆದಳು. ಎರ್ಮೆಕ್ ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ಮುದುಡಿ ಕೂತ. ಆ ಕಡೆಯ ರೂಢಿಯಲ್ಲಿ ಬಟ್ಟಲು ತುಂಬ ಚಹಾ ಕೊಟ್ಟರೆ ಕುಡಿದು ಹೊರಡಿ ಎಂದರ್ಥ. ಕುಂದುಜ್ ಬಟ್ಟಲ ತಳ ಮುಚ್ಚುವಷ್ಟೇ ಸುರಿದು ಎರಡು ಕೈಯಲ್ಲಿ ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು ಬಟ್ಟಲು ಚಾಚಿದ. ಮತ್ತೆ ಅಷ್ಟೇ ಸುರಿದಳು. ಮತ್ತೆ ಚಾಚಿದ. ಊಲ್ಕಾನ್ ಇದನ್ನು ಆರು ಸಲ ನೋಡಿ, ಕುರಿ ನೋಡಿ ಬರುತ್ತೇನೆಂದು ಎದ್ದು ಹೋದಳು.

"ಹೀಗೇ ಗುಟುಕು ಗುಟುಕು ಕೊಡ್ತಿದ್ರೆ ನಾನು ಏಳೋದು ಯಾವಾಗ?" ಎಂದ ಎರ್ಮೆಕ್, ಮೆಲ್ಲಗೆ.

ಕುಂದುಜ್ ಬಟ್ಟಲು ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಿತು, ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ನಿನ್ನನ್ನ ಏಳು ಅಂದವರು ಯಾರು?" ಎಂದಳು.