ಹೊಲಿಯದೆ ಉಳಿದ ಅಕ್ಷರ

ಟೋರ್ವಾಲ್ಡ್‌ನ ಜೆರ್ಸಿ ಮೂರನೇ ವಾರವೂ ಅದೇ ಮೊಣಕೈ ಹತ್ತಿರ ಹರಿದು ಬಂದಾಗ ನನಗೆ ರೇಗಿತು.

"ಇದು ಆಟದಲ್ಲಿ ಹರಿದದ್ದಲ್ಲ, ಕತ್ತರೀಲಿ ಕತ್ತರಿಸಿದ್ದು. ನೀನು ಮೈದಾನಕ್ಕೆ ಇಳಿದದ್ದೇ ಎರಡು ನಿಮಿಷ!"

ಅವನ ಕಿವಿ ಕೆಂಪಾಯಿತು. "ಮೂರು ನಿಮಿಷ."

"ಕತ್ತರಿ ಯಾರದ್ದು?"

"ರೂಮ್‌ಮೇಟ್‌ದು. ನಿನ್ನ ನೋಡೋಕೆ ಬೇರೆ ನೆಪ ಸಿಗಲಿಲ್ಲ, ಸಿಗ್ನೆ."

ನಗು ತಡೆಯಲು ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡೆ.

ಮಿನೆಸೋಟದ ನಮ್ಮ ಪುಟ್ಟ ಕಾಲೇಜಿನಲ್ಲಿ ಫುಟ್‌ಬಾಲ್ ಟೀಮಿನ ಬಟ್ಟೆ ಒಗೆದು ಹೊಲಿಯುವ ಕೆಲಸ ನನ್ನದಾಗಿತ್ತು. ಅದು 1942. ಸೆಪ್ಟೆಂಬರಿನಲ್ಲಿ ಮೂವತ್ತೆರಡು ಜೆರ್ಸಿ ಒಗೆದವಳು ಅಕ್ಟೋಬರ್ ಕೊನೆಗೆ ಹತ್ತೊಂಬತ್ತು ಒಗೆಯುತ್ತಿದ್ದೆ. ಉಳಿದವರು ಸೈನ್ಯಕ್ಕೆ ಹೋಗಿದ್ದರು. ಹಾಗಾಗಿಯೇ ಬೆಂಚು ಕಾಯುತ್ತಿದ್ದ ಟೋರ್ವಾಲ್ಡ್‌ಗೂ ಆಡುವ ಅವಕಾಶ ಸಿಕ್ಕಿತ್ತು. ಖುಷಿಪಡಲು ನಮಗಿಬ್ಬರಿಗೂ ನಾಚಿಕೆಯಾಗುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿ. ಸೀಸನ್‌ನಲ್ಲಿ ಆರು ಆಟ ಆಡಿದವನಿಗೆ ಕೋಚ್ ಕಾಲೇಜಿನ ಹೆಸರಿನ ಮೊದಲ ಅಕ್ಷರವನ್ನು, ದಪ್ಪ ಉಣ್ಣೆಯದ್ದನ್ನು, ಕೊಡುತ್ತಾರೆ. ಅದನ್ನು ಸ್ವೆಟರಿನ ಎದೆಗೆ ಹೊಲಿಸಿ, ಹುಡುಗ ಆ ಸ್ವೆಟರನ್ನು ಯಾವ ಹುಡುಗಿಯ ಹೆಗಲಿಗೆ ಹೊದಿಸುತ್ತಾನೋ ಅವಳನ್ನೇ ಮದುವೆಯಾಗುತ್ತಾನೆಂದು ಊರಿಗೆಲ್ಲ ಗೊತ್ತಾಗುತ್ತದೆ.

ಐದನೇ ಆಟ ಮುಗಿಸಿ ಅವನು ಮೈತುಂಬ ಕೆಸರು ಮಾಡಿಕೊಂಡು ಬಂದ. "ಈ ಸಲ ನಿಜವಾಗ್ಲೂ ಹರಿದಿದೆ. ಬೇಕಾದ್ರೆ ನೋಡು."

ನೋಡಿದೆ. ಹರಿದ ತೋಳಿನೊಳಗೆ ಮೊಣಕೈ ತರಚಿತ್ತು. ಅಗತ್ಯಕ್ಕಿಂತ ಹೆಚ್ಚು ಹೊತ್ತೇ ಅದನ್ನು ಒರೆಸಿದೆ. ಅವನೂ ಕೈ ಎಳೆದುಕೊಳ್ಳಲಿಲ್ಲ.

"ಇನ್ನೊಂದೇ ಆಟ," ಎಂದ. "ಆಮೇಲೆ ನಿನ್ನ ಒಂದು ಮಾತು ಕೇಳೋದಿದೆ."

"ಈಗ್ಲೇ ಕೇಳು."

"ಅಕ್ಷರ ಇಲ್ಲದ ಬರೀ ಸ್ವೆಟರ್ ಹಿಡ್ಕೊಂಡಾ? ಊರೋರು ನಗ್ತಾರೆ."

ನಾನೂ ಜಂಬದವಳೇ. ಅಕ್ಷರ ಬರಲಿ ಎಂದು ಬಾಯಿ ಮುಚ್ಚಿಕೊಂಡೆ. ಅವತ್ತೇ ಹೇಳಿಬಿಡಬೇಕಿತ್ತು.

ಕೊನೆಯ ಆಟ ಶನಿವಾರ, ಸೋಮವಾರ ಬೆಳಿಗ್ಗೆ ಅವನು ಸೈನ್ಯಕ್ಕೆ ಹೊರಡಬೇಕು. ಶುಕ್ರವಾರ ಎದುರಾಳಿ ಕಾಲೇಜಿನಿಂದ ತಂತಿ ಬಂತು: ಒಂಬತ್ತೇ ಜನ ಉಳಿದಿದ್ದೇವೆ, ಬರಲಾಗುವುದಿಲ್ಲ, ಕ್ಷಮಿಸಿ.

ಭಾನುವಾರ ನಾನು ಕೋಚ್ ಅಕ್ಷರಗಳನ್ನಿಡುವ ಪೆಟ್ಟಿಗೆಯಿಂದ ಒಂದನ್ನು ಕದ್ದೆ. ಅವನು ಹೊಲಿಯಲೆಂದು ಮೊದಲೇ ಕೊಟ್ಟಿದ್ದ ಸ್ವೆಟರಿಗೆ ಅದನ್ನು ಹೊಲಿದು, ಮರುದಿನ ಸ್ಟೇಷನ್ನಿಗೆ ಒಯ್ದೆ.

ಅವನು ಅದರ ಮೇಲೆ ಹೆಬ್ಬೆರಳು ಆಡಿಸಿದ. "ಚೆನ್ನಾಗಿ ಹೊಲಿದಿದೀಯ. ಬಿಚ್ಚು."

"ಟೋರ್ವಾಲ್ಡ್!"

"ಆಡಿದ್ದು ಐದೇ ಆಟ, ಸಿಗ್ನೆ. ಸುಳ್ಳು ಹೊದಿಸಿ ನಿನ್ನನ್ನ ಹೇಗೆ ಕೇಳ್ಲಿ? ಬಂದ ಮೇಲೆ ಇನ್ನೊಂದು ಆಡ್ತೀನಿ. ಅವತ್ತು ಹೊಲಿ."

"ನಿನ್ನ ಆಟಕ್ಕೆ ಬೆಂಕಿ ಬೀಳ!" ಎಂದು ಬೈಯುತ್ತಲೇ ಬೆಂಚಿನ ಮೇಲೆ ಕೂತು ಎಳೆ ಎಳೆಯಾಗಿ ಬಿಚ್ಚಿದೆ. ಕಣ್ಣು ಮಂಜಾಗಿ ಎರಡು ಸಲ ಬೆರಳು ಚುಚ್ಚಿಕೊಂಡೆ. ರೈಲು ಬಂದುಬಿಟ್ಟಿತು.

ಅವನು ಬೋಳು ಸ್ವೆಟರನ್ನು ನನ್ನ ಮಡಿಲಲ್ಲಿಟ್ಟ. "ಇದನ್ನ ಇಟ್ಕೊಂಡಿರು."

"ಕೇಳೋದನ್ನ ನಿಧಾನಕ್ಕೆ ಕೇಳು," ಎಂದೆ. "ಉತ್ತರ ಈಗ್ಲೇ ಕೊಟ್ಟಿರ್ತೀನಿ. ಹೂಂ."

ಅವನ ಕಿವಿ ಮತ್ತೆ ಕೆಂಪಾಯಿತು. ಕಿಟಕಿಯಿಂದ ನನ್ನನ್ನೇ ನೋಡುತ್ತ ಹೋದ.

ಇಟಲಿಯಲ್ಲಿ ಅವನು ತೀರಿಹೋದ ಸುದ್ದಿ ಮರುವರ್ಷ ಅವನ ತಾಯಿಗೆ ಬಂತು. ಆ ವಾರ ಕೋಚ್ ನನ್ನ ಕೋಣೆಗೆ ಬಂದು ಟೋಪಿ ತೆಗೆದು ನಿಂತರು. ಅವರ ಕೈಯಲ್ಲಿ ಒಂದು ಅಕ್ಷರವಿತ್ತು.

"ಹೊಲಿದುಬಿಡಮ್ಮ. ಇನ್ನು ಯಾರು ಆಟ ಲೆಕ್ಕ ಹಾಕ್ತಾರೆ?"

"ಅವನು ಹಾಕ್ತಾನೆ, ಸರ್. ಒಪ್ಪಲ್ಲ."

ಅವರು ಅತ್ತರು. ನಾನೂ ಅತ್ತೆ.

ಯುದ್ಧ ಮುಗಿದ ಮೇಲಿನ ಮೊದಲ ಸೀಸನ್‌ನಲ್ಲಿ ಅದೇ ಎದುರಾಳಿ ಕಾಲೇಜು ಹನ್ನೊಂದು ಜನರನ್ನು ಕಟ್ಟಿಕೊಂಡು ಬಂತು. ನಾನು ಆ ಸ್ವೆಟರ್ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತೆ. ಪಕ್ಕದ ಹುಡುಗಿಯೊಬ್ಬಳು ನನ್ನ ಎದೆಯ ಮೇಲಿನ ಸೂಜಿತೂತುಗಳನ್ನು ನೋಡಿದಳು.

"ಅಕ್ಕಾ, ನಿಮ್ಮ ಅಕ್ಷರ ಬಿದ್ದೋಗಿದೆ."

"ಬಿದ್ದಿಲ್ಲ ಕಣೇ. ಅವನಿಗಿನ್ನೂ ಒಂದು ಆಟ ಬಾಕಿ ಇದೆ," ಎಂದೆ. "ನಾನು ಮಾತ್ರ ಆಗ್ಲೇ ಹೂಂ ಅಂದಿದೀನಿ."