ಸಿಗಡಿ ಶೆಡ್ಡಿನ ಮಳೆನೀರು

೨೦೦೪ರ ಜೂನ್ ಏಳು, ಸೋಮವಾರ ಸಂಜೆ. ಕೆ.ಆರ್. ಪುರದ ಠಾಣೆಗೆ ಬಂದ ಬದ್ರುನ್ನೀಸಾ, ಸಿಗಡಿ ಸುಲಿಯುವಾಗ ಹಾಕಿಕೊಳ್ಳುವ ರಬ್ಬರ್ ಗ್ಲೌಸನ್ನೂ ತೆಗೆದಿರಲಿಲ್ಲ.

"ನನ್ ಗಂಡನ್ನ ಆ ಮಾಲೀಕ ಗುಂಡಿಗಿಳಿಸಿ ಸಾಯಿಸ್ಬಿಟ್ಟ. ಬರ್ಕೊಳ್ಳಿ."

ಹೆಡ್ ಕಾನ್‌ಸ್ಟೆಬಲ್ ಗುಲ್ಷನ್ ಅವಳಿಗೆ ನೀರು ಕೊಟ್ಟು, ದಖನಿ ಉರ್ದುವಿನಲ್ಲಿ ಸಮಾಧಾನ ಹೇಳಿ ದೂರು ಬರೆದುಕೊಂಡಳು. ಕರಾವಳಿಯಿಂದ ಲಾರಿಯಲ್ಲಿ ಬರುವ ಸಿಗಡಿಯನ್ನು ಸುಲಿದು ಹೋಟೆಲುಗಳಿಗೆ ಕಳಿಸುವ ಶೆಡ್ಡು ಆ ಮಾಲೀಕನದು. ಬದ್ರುನ್ನೀಸಾ ಅಲ್ಲಿ ಕೂಲಿ, ಗಂಡ ಕರೀಂ ವಾಚ್‌ಮನ್. ಮಧ್ಯಾಹ್ನದ ಜೋರು ಮಳೆಗೆ ಅಂಗಳದ ನೀರು ಶೆಡ್ಡಿಗೆ ನುಗ್ಗಿತು. ಕಾಂಪೌಂಡಿನ ಮೂಲೆಯ ಗುಂಡಿಗೆ ಇಳಿದ ಕರೀಂ ಮೇಲೆ ಬರಲೇ ಇಲ್ಲ.

ಇನ್‌ಸ್ಪೆಕ್ಟರ್ ವೀರಣ್ಣ ಮಾಲೀಕ ಪ್ರೇಮ್‌ಕುಮಾರ್ ಮೇಲೆ ನಿರ್ಲಕ್ಷ್ಯದಿಂದಾದ ಸಾವಿನ ೩೦೪(ಎ) ಕಲಮಿನಡಿ ಎಫ್‌ಐಆರ್ ಹಾಕಿಸಿದರು. ಮರುದಿನ ಬೆಳಿಗ್ಗೆ ಪಂಚನಾಮೆಗೆ ಹೋದಾಗ ತೆರೆದ ಅಂಗಳದ ತುಂಬ ಸಿಗಡಿ ಸಿಪ್ಪೆ, ಮೀನಿನ ಕರುಳು ಕೊಳೆಯುತ್ತಿದ್ದವು. ಮಳೆ ಬಂದರೆ ಅದೆಲ್ಲ ತೊಳೆದು ಗುಂಡಿಗೆ, ಅಲ್ಲಿಂದ ಪೈಪಿನಲ್ಲಿ ರಾಜಕಾಲುವೆಗೆ, ಕಾಲುವೆಯಿಂದ ಕೆಳಗಿನ ತೋಟಗಳಿಗೆ. ಅಂಗಳಕ್ಕೆ ಚಾವಣಿ ಹಾಕಬೇಕು, ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಶುದ್ಧ ಮಾಡಿಯೇ ಹೊರಗೆ ಬಿಡಬೇಕು ಎಂಬುದು ಲೈಸೆನ್ಸಿನ ಷರತ್ತು.

"ತೊಟ್ಟಿ ಎಲ್ಲೈತ್ರೀ?" ಹಾವೇರಿ ಕಡೆಯ ವೀರಣ್ಣ ಕೇಳಿದರು.

"ಕಟ್ಟಿಸ್ಬೇಕು ಅಂತಾನೇ ಇದ್ವಿ ಸಾರ್," ಎಂದ ಪ್ರೇಮ್‌ಕುಮಾರ್.

"ಕರೀಂನ ಇಳಿಸಿದವರು ಯಾರು?"

"ಯಾರೂ ಇಳಿಸ್ಲಿಲ್ಲ. ಬೇಡ ಅಂದ್ರೂ ತಾನೇ ಓಡ್ಹೋಗಿ ಇಳ್ದ."

ಕೆಲಸದ ಹೆಂಗಸರೂ ಅದನ್ನೇ ಹೇಳಿದರು. ಕೊಳೆತ ಕಸದ ವಿಷಗಾಳಿ ಕುಡಿದು ಸತ್ತಿದ್ದಾನೆ ಎಂದರು ಡಾಕ್ಟರು. ಗುಂಡಿಯೊಳಗೆ, ಪೈಪಿನ ಬಾಯಿಗೆ ಮಣ್ಣಿನ ಮೂಟೆಯೊಂದನ್ನು ಯಾರೋ ತುರುಕಿದ್ದರು. ಕರೀಂ ಅದನ್ನು ಅರ್ಧ ಎಳೆದಿದ್ದ.

ಗುಲ್ಷನ್ ಮೂಟೆಯ ಬಾಯಿ ಮುಟ್ಟಿ ನೋಡಿದಳು. "ಬಾಳೆನಾರಲ್ಲಿ ಕಟ್ಟಿದ್ದಾರೆ ಸಾರ್. ಸೊಪ್ಪಿನವರು ಕಟ್ಟೋ ಹಾಗೆ."

ಗೋಡೆಯಾಚೆಯೇ ಮುನಿಕೃಷ್ಣಪ್ಪನ ಸೊಪ್ಪಿನ ಮಡಿಗಳಿದ್ದವು. ಹೆಂಡತಿ ಚಿಕ್ಕಮುನಿಯಮ್ಮ ಹೊಸ್ತಿಲಲ್ಲಿ ಕೂತು ಮೊಣಕಾಲವರೆಗಿನ ಹುಣ್ಣುಗಳಿಗೆ ಬಟ್ಟೆ ಸುತ್ತುತ್ತಿದ್ದಳು.

"ಕರೀಂ ಮನೇಗೆ ಹೋಗವ್ರೆ. ಸಾವಿನ ಮನೇಲಿ ಒಲೆ ಹಚ್ಚಲ್ವಲ್ಲ, ಅನ್ನ ತಕೊಂಡು."

ಮಧ್ಯಾಹ್ನ ಮಣ್ಣು ಮುಗಿಸಿದವರು ಕರೀಂನ ಮನೆ ಮುಂದೆ ಕೂತಿದ್ದರು. ಪೊಲೀಸರನ್ನು ಕಂಡದ್ದೇ ಮುನಿಕೃಷ್ಣಪ್ಪ ಎದ್ದು ನಿಂತ. "ನಾನೇ ಸಾರ್. ನಾನೊಬ್ನೇ."

"ಯಾಕೆ?"

"ಮಳೆ ಬಂದಾಗೆಲ್ಲ ಆ ನೀರು ನಮ್ ಮಡಿಗೆ. ರಸೆಲ್ ಮಾರ್ಕೆಟ್ಟಲ್ಲಿ ಕೊತ್ಮರಿ ಮೂಸಿ, ಮೀನ್ ವಾಸ್ನೆ ಅಂತ ಎಸೀತಾರೆ. ನಮ್ಮೋಳು ಆ ನೀರಲ್ಲಿ ನಿಂತು ನಿಂತು ಕಾಲೇ ಹೋಯ್ತು. ಅರ್ಜಿ ಕೊಟ್ರೆ ಆಫೀಸರ್ಗಳು ಬಿಸ್ಲಲ್ಲಿ ಬಂದು, ಎಲ್ಲಯ್ಯಾ ನೀರು ಅಂತಾರೆ. ಅವ್ರ ನೀರು ಅವ್ರ ಅಂಗಳದಲ್ಲೇ ಒಂದಿನ ನಿಲ್ಲಲಿ ಅಂದ್ಕೊಂಡೆ."

"ಮೂಟೆ ಗೋಡೆ ಒಳಗಿತ್ತು. ಗೇಟಿನ ಬೀಗದ ಕೈ ಕರೀಂ ಹತ್ರ," ಎಂದಳು ಗುಲ್ಷನ್. "ಹೇಗೆ ಹೋದ್ರಿ?"

"ಗೋಡೆ ಹಾರ್ದೆ."

ಅರವತ್ತು ದಾಟಿದ ಮುದುಕ. ಗಾಜಿನ ಚೂರು ನೆಟ್ಟ ಎತ್ತರದ ಗೋಡೆ. ಗುಲ್ಷನ್ ದನಿ ತಗ್ಗಿಸಿದಳು. "ಯಜಮಾನ್ರೇ, ನಿಜ ಹೇಳಿ."

ಮುದುಕ ಟವೆಲಲ್ಲಿ ಮುಖ ಒರೆಸಿಕೊಂಡ. "ಅವ್ನೇ ಅಂದ. ಅಣ್ಣಾ, ಅತ್ತಿಗೆ ಕಾಲು ನೋಡಕ್ಕಾಗಲ್ಲ, ನೀನು ಮೂಟೆ ಕಟ್ಕೊಡು, ಒಳಗೆ ನಾನಿಡ್ತೀನಿ ಅಂತ. ಅವ್ನ ಹೆಂಡ್ರಿಗೆ ಹೇಳ್ಬೇಡಿ ತಾಯಿ. ಎಲ್ಲಾ ನನ್ ಮೇಲೇ ಬರ್ಕೊಳ್ಳಿ."

ಬಾಗಿಲ ಪರದೆಯ ಹಿಂದಿನಿಂದ ಬದ್ರುನ್ನೀಸಾಳ ದನಿ ಬಂತು. ಅವಳಿಗೆ ಎಲ್ಲ ಕೇಳಿಸಿತ್ತು.

"ನಿನ್ನೆ ಬೆಳಿಗ್ಗೆ ನಮ್ಮವ್ರು ನಂಗೆ ಕೆಲಸಕ್ಕೆ ಬರ್ಬೇಡ ಅಂದ್ರು. ಯಾಕೆ ಅಂತ ಹೇಳ್ಲಿಲ್ಲ. ಹೂಂ ಅಂದೆ. ಮನೇಲಿ ಬೇಜಾರಾಗಿ ಮಧ್ಯಾಹ್ನ ಹೋದೆ. ಶೆಡ್ಡಲ್ಲಿ ನೀರು, ನೆಲದ ತುಂಬಾ ಮೋಟರಿನ ಕರೆಂಟ್ ವೈರು. ಮಾಲೀಕನೇ ಅಟ್ಟಿದ ಅಂದ್ಕೊಂಡಿದ್ದೆ. ನನ್ನ ನೋಡಿದ್ಮೇಲೇ ಅವ್ರು ಗುಂಡಿ ಕಡೆ ಓಡಿದ್ದು."

ಮುನಿಕೃಷ್ಣಪ್ಪ ಎರಡೂ ಕೈ ಮುಂದೆ ಚಾಚಿದ. ಗುಲ್ಷನ್ ಬೇಡಿ ಹಾಕದೆ, ತೋಳು ಹಿಡಿದು ಜೀಪು ಹತ್ತಿಸಿದಳು.

ಸಂಜೆ ಪ್ರೇಮ್‌ಕುಮಾರನನ್ನೂ ಬಂಧಿಸಿ ತಂದರು. ವೀರಣ್ಣ ಹೇಳುತ್ತ ಹೋದಂತೆ ಗುಲ್ಷನ್ ಕೇಸ್ ಡೈರಿ ಬರೆದಳು. ಮೃತನಿಗೂ ಎರಡನೇ ಆರೋಪಿ ಮುನಿಕೃಷ್ಣಪ್ಪನಿಗೂ ದ್ವೇಷವಿತ್ತೇ ಎಂಬಲ್ಲಿಗೆ ಬಂದಾಗ ವೀರಣ್ಣ ಎದ್ದು ಕಿಟಕಿಯ ಕಡೆ ಹೋದರು. ಗುಲ್ಷನ್ ತಾನೇ ಬರೆದಳು: ಇರಲಿಲ್ಲ. ಅಣ್ಣ ತಮ್ಮಂದಿರಂತೆ ಇದ್ದರು.